ಎಡಬಾಗಿಲು ಬೆಸೆದ ಕೈ

ಕೊಶಿತ್ಸೆಯ ನಮ್ಮ ವಾಸ್ತುಶಾಲೆಗೆ ಅದು ಬಂದದ್ದು
ನವೆಂಬರಿನಲ್ಲಿ, ಲಾರಿಯ ಮೇಲೆ, ಟಾರ್ಪಾಲು ಹೊದ್ದು.
ಕಾರು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ
ಎಡಬಾಗಿಲುಗಳನ್ನಷ್ಟೇ ಬೆಸೆದ ಕೈ.
ಬಲಬಾಗಿಲೆಂಬುದೊಂದು ಇದೆಯೆಂದೇ ಅದಕ್ಕೆ ಗೊತ್ತಿಲ್ಲ.
ಹೆಗಲ ಮೇಲೆ ಬಿಳಿ ಬಣ್ಣದಲ್ಲಿ ೧೪.
ಗುಜರಿ ಬೆಲೆಗೆ ಕೊಂಡೆವು. ಒಳಗೆ ತರಲು
ಬಾಗಿಲು ಸಾಲದೆ ಗೋಡೆ ಬಿಚ್ಚಬೇಕಾಯಿತು.
ಕಟ್ಟುವುದನ್ನು ಕಲಿಸುವ ಶಾಲೆ;
ಆ ವರ್ಷದ ಮೊದಲ ಪಾಠ, ಕೆಡವಿದ್ದು.

ಮೊದಲ ವಾರ ನಾನು ಹೇಳುವುದು ಇಷ್ಟೇ:
ಪರದೆಯ ಮೇಲೆ ಗೆರೆಗೆ ದಪ್ಪವಿಲ್ಲ.
ಅಲ್ಲಿ ಎರಡು ತೊಲೆ ಒಂದೇ ಜಾಗದಲ್ಲಿ ಇರಬಲ್ಲವು
ಜಗಳವಿಲ್ಲದೆ, ಬಾಡಿಗೆ ಹಂಚಿಕೊಳ್ಳದೆ.
ಇಲ್ಲಿ ಗರಗಸ ಕೂಡ ಮೂರು ಮಿಲಿಮೀಟರ್ ತಿನ್ನುತ್ತದೆ.
ಅದರ ಪಾಲು ಎತ್ತಿಡದವರ ಮನೆ
ನಲವತ್ತನೇ ಹಲಗೆಗೆ ಒಂದು ಗೇಣಿಗೆ ಹತ್ತಿರ ಗಿಡ್ಡವಾಗುತ್ತದೆ.
ತಿಮೆಯಾ ತಲೆಯಾಡಿಸುತ್ತಾಳೆ, ಬರೆದುಕೊಳ್ಳುವುದಿಲ್ಲ.
ಮಾರ್ಚಿನಲ್ಲಿ ಬಂದು ನಿಲ್ಲುತ್ತಾಳೆ:
"ಟೀಚರ್, ಗಿಡ್ಡವಾಗಿದೆ."

ಸ್ಪ್ರೂಸ್ ಹಲಗೆ ರಾತ್ರಿಯಿಡೀ ಹೀಟರಿನ ಪಕ್ಕ ಮಲಗಿ
ಬೆಳಿಗ್ಗೆ ಬೇರೆಯೇ ಹಲಗೆಯಾಗಿ ಎದ್ದಿತು.
ಕೋಡ್ ಸರಿಯಿದೆ ಎಂದ ವ್ರಾತ್ಕೊ.
ಸರಿಯೇ ಇತ್ತು.
ಮರ ಅದನ್ನು ಓದಿರಲಿಲ್ಲ.

ಕೈಯಲ್ಲಿ ಹಿಡಿಯುವ ಪೆಂಡೆಂಟಿನ ಬೆನ್ನಿಗೊಂದು ಗುಂಡಿ.
ಬಿಟ್ಟರೆ ರೋಬಾಟ್ ನಿಲ್ಲುತ್ತದೆ.
ಹೆದರಿ ಹಿಚುಕಿದರೂ ನಿಲ್ಲುತ್ತದೆ.
ನಡುವೆ ಎಲ್ಲೋ ಒಂದು ಒತ್ತು ಇದೆ:
ನಿದ್ದೆಹೋದ ಮಗುವಿನ ಮುಷ್ಟಿಯಿಂದ
ಬಿಸ್ಕತ್ತು ಬಿಡಿಸಿಕೊಳ್ಳುವಷ್ಟು.
ಇದನ್ನು ಯಾವ ಸ್ಲೈಡಿನಲ್ಲೂ ಹಾಕಲಾಗದು.
ಒಬ್ಬೊಬ್ಬರ ಹಿಂದೆಯೂ ನಿಂತು ಕಾಯುತ್ತೇನೆ
ಬೆರಳು ತಾನೇ ಕಂಡುಕೊಳ್ಳುವವರೆಗೆ.

ಕೈಯನ್ನು ಪೂರ್ತಿ ಚಾಚಿದರೆ ಅದು ಗಕ್ಕನೆ ಕಲ್ಲಾಗುತ್ತದೆ.
ಮೊಣಕೈ, ಮಣಿಕಟ್ಟು ಒಂದೇ ಸಾಲಿಗೆ ಬಂದು
ಎತ್ತ ತಿರುಗಲೂ ಲೆಕ್ಕ ಹತ್ತದೆ.
ಗಣಿತದಲ್ಲಿ ಇದಕ್ಕೆ ದೊಡ್ಡ ಹೆಸರಿದೆ.
ನಾನು ಹುಡುಗರಿಗೆ ಹೇಳುವುದು,
"ಯಾವತ್ತೂ ಸ್ವಲ್ಪ ಬಗ್ಗಿಸಿಯೇ ಇರಿ."

ಚಳಿಗಾಲವಿಡೀ ಬೆಳಗಿನ ಮೊದಲ ಹಲಗೆಗಳು
ಎರಡು ಮಿಲಿಮೀಟರ್ ಆಚೆ ಬೀಳುತ್ತಿದ್ದವು.
ಕೋಡ್ ಬಿಚ್ಚಿದೆವು, ಮತ್ತೆ ಹೆಣೆದೆವು,
ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದೆವು.
ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತಿತ್ತು.
ಕೈ ಹೀಗೆ ದಿನಾ ಕೈಕೊಟ್ಟರೆ ಯಾರನ್ನು ಕೇಳುವುದು?

ಜೂನಿನಲ್ಲಿ ಪ್ರದರ್ಶನ. ಅಂಗಳದಲ್ಲಿ
ಇನ್ನೂರ ಹನ್ನೆರಡು ಹಲಗೆಗಳ ಬಾಗಿದ ಮಂಟಪ,
ತಿಮೆಯಾಳ ಕಡೆ ತುಸು ಗಿಡ್ಡ.
ವ್ರಾತ್ಕೊನ ಅಪ್ಪ ಇಮ್ರಿಖ್ ಬಂದಿದ್ದರು,
ಐದು ಗಂಟೆಯ ರೈಲು, ಇಸ್ತ್ರಿ ಮಾಡಿದ ಅಂಗಿ.
ಮಂಟಪವನ್ನು ಚೆನ್ನಾಗಿದೆ ಎಂದರು,
ಆದರೆ ಕಣ್ಣು ಕಾರ್ಯಾಗಾರದ ಕಡೆಗಿತ್ತು.
ಜಾಲರಿಯ ಗೇಟು ತೆರೆದೇ ಇತ್ತು.
ಹಳದಿ ಗೆರೆಯ ಈಚೆಗೆ ನಿಂತುಬಿಟ್ಟರು,
ಬೂಟಿನ ತುದಿ ಗೆರೆಗೆ ತಾಗದ ಹಾಗೆ.

"ಹದಿನಾಲ್ಕು" ಅಂದರು, ಹೆಸರು ಹಿಡಿದು ಕರೆದಂತೆ.

ಇದು ಬೆಸೆದ ಬಾಗಿಲಿಗೆ ರಬ್ಬರ್ ಅಂಚು ಕೂರಿಸಿದವರು,
ಒಂಬತ್ತು ವರ್ಷ, ನಾಲ್ಕು ಮಾರು ದೂರದಲ್ಲಿ.
ಇದನ್ನು ಲಾರಿಗೆ ಹತ್ತಿಸಿದ ವಾರವೇ
ಅವರಿಗೂ ಒಂದು ಲಕೋಟೆ.
ಮಗ ಇದನ್ನು ಯಾರಿಗೂ ಹೇಳಿರಲಿಲ್ಲ,
ಈಗಲೂ ಕೇಬಲ್ ಸುತ್ತುತ್ತಿದ್ದ, ಸುತ್ತಿದ್ದನ್ನೇ.

"ಚಳಿಗೆ ನಾಲ್ಕನೇ ಕೀಲು ಹಿಡಿಯುತ್ತೆ" ಅಂದರು.
"ಕೆಲಸಕ್ಕೆ ಮುಂಚೆ ಹತ್ತು ನಿಮಿಷ
ಸುಮ್ಮನೆ ಆಡಿಸಬೇಕು. ನಿಮಗೆ ಹೇಳಿಲ್ಲವಾ?"

ಇಲ್ಲ, ಯಾರೂ ಹೇಳಿರಲಿಲ್ಲ.
ಇನ್ನೂರು ಪುಟದ ಕೈಪಿಡಿಯೂ.

ವ್ರಾತ್ಕೊ ಪೆಂಡೆಂಟ್ ತಂದು ಅಪ್ಪನ ಕೈಗಿಟ್ಟ.
ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲವಂತೆ;
ಅದು ಟೈ ಕಟ್ಟಿದವರ ಕೆಲಸ.
ಹಿಡಿದರು. ತೀರಾ ಬಿಗಿ. ನಿಂತಿತು.
ಸಡಿಲಿಸಿದರು. ನಿಂತಿತು.
ತಪ್ಪಾಯಿತೆಂಬಂತೆ ಸುತ್ತ ನೋಡಿದರು.

ನಾನು ಹೋಗಿ ಅವರ ಹಿಂದೆ ನಿಂತೆ.